ಜೀವವೈವಿಧ್ಯ ಉಳಿಸುವ ಸಾಮಾಜಿಕ ಪರಿಹಾರಗಳ ಸಂಶೋಧನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜು ವಿದ್ಯಾರ್ಥಿಗಳು, ಪಂಚಾಯಿತಿ ಸದಸ್ಯರು, ಮೇಷ್ಟ್ರುಗಳು, ತೋಟದವರು, ಹಕ್ಕಿ ನೋಡುವ ಹವ್ಯಾಸಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಉದಾಹರಣೆಗಳು ಬಹುಪಾಲು ಕರ್ನಾಟಕದವು. ಉತ್ತರಗಳಲ್ಲಿ ನಮ್ಮ ಅಭಿಪ್ರಾಯವೂ ಬೆರೆತಿದೆ, ಒಪ್ಪಲೇಬೇಕೆಂದೇನೂ ಇಲ್ಲ.

ಸಾಮಾಜಿಕ ಪರಿಹಾರ ಅಂದರೇನು? ಗಿಡ ನೆಡುವ ಕಾರ್ಯಕ್ರಮವೇ?

ಗಿಡ ನೆಡುವುದು ಒಂದು ದಿನದ ಕೆಲಸ. ವನಮಹೋತ್ಸವದಲ್ಲಿ ನೆಟ್ಟ ಸಸಿಗೆ ಮಾರ್ಚ್ ತಿಂಗಳ ಬಿಸಿಲಲ್ಲಿ ನೀರು ಹಾಕುವವರು ಯಾರು, ಆ ಜಾಗ ಯಾರ ಹೆಸರಿನಲ್ಲಿದೆ, ಮರ ದೊಡ್ಡದಾದ ಮೇಲೆ ಅದರ ಕಾಯಿ ಯಾರದು, ಕಡಿಯಬೇಕಾದರೆ ಯಾರನ್ನು ಕೇಳಬೇಕು? ಇಂಥ ಪ್ರಶ್ನೆಗಳಿಗೆ ಒಂದು ಊರು, ಒಂದು ಸಂಘ ಅಥವಾ ಒಂದು ಸರ್ಕಾರ ಮಾಡಿಕೊಂಡ ಏರ್ಪಾಡನ್ನು ಸಾಮಾಜಿಕ ಪರಿಹಾರ ಎನ್ನುತ್ತೇವೆ. ಕಾನೂನು, ಹಕ್ಕು, ಪರಿಹಾರಧನ, ತೆರಿಗೆ, ದೇವರ ಮೇಲಿನ ಭಯಭಕ್ತಿ, ಊರಿನ ಕಟ್ಟುಪಾಡು, ಗ್ರಾಮಸಭೆ ಎಲ್ಲವೂ ಇದರೊಳಗೆ ಬರುತ್ತವೆ. ಇವುಗಳಲ್ಲಿ ಯಾವುದು ಎಲ್ಲಿ ಕೆಲಸ ಮಾಡಿತು, ಎಲ್ಲಿ ಕೈಕೊಟ್ಟಿತು, ಯಾಕೆ ಎಂದು ಹುಡುಕುವುದೇ ಈ ಸಂಶೋಧನೆ.

ನಾಶಕ್ಕೆ ಕಾರಣ ಏನೆಂದು ಗೊತ್ತೇ ಇದೆಯಲ್ಲ. ಇನ್ನೇನು ಹುಡುಕುವುದಿದೆ?

ನೇರ ಕಾರಣಗಳು ಗೊತ್ತಿವೆ, ನಿಜ. ಜೀವವೈವಿಧ್ಯದ ಸ್ಥಿತಿಗತಿ ಅಳೆಯುವ ಐಪಿಬಿಇಎಸ್ ಎಂಬ ಅಂತರಸರ್ಕಾರಿ ವೇದಿಕೆ 2019ರಲ್ಲಿ ಕೊಟ್ಟ ವರದಿ ಐದನ್ನು ಪಟ್ಟಿ ಮಾಡಿತು: ನೆಲ ಮತ್ತು ಕಡಲಿನ ಬಳಕೆ ಬದಲಾದದ್ದು, ಬೇಟೆ-ಮೀನುಗಾರಿಕೆ-ಮರಕಡಿತದಂಥ ನೇರ ದುರ್ಬಳಕೆ, ಹವಾಮಾನ ಬದಲಾವಣೆ, ಮಾಲಿನ್ಯ, ಹೊರಗಿನಿಂದ ಬಂದು ಹಬ್ಬಿದ ಜೀವಿಗಳು. ಸುಮಾರು 10 ಲಕ್ಷ ಪ್ರಭೇದಗಳು ಅಳಿವಿನ ಅಂಚಿನತ್ತ ಸಾಗಿವೆ ಎಂದ ವರದಿಯೂ ಅದೇ.

ಆದರೆ ಕೆರೆ ಯಾಕೆ ಬಡಾವಣೆಯಾಯಿತು ಎಂದರೆ ‘ನೆಲದ ಬಳಕೆ ಬದಲಾಯಿತು’ ಎನ್ನುವುದು ಉತ್ತರವಾಗುವುದಿಲ್ಲ. ಅದು ಪ್ರಶ್ನೆಯನ್ನೇ ತಿರುಗಿಸಿ ಹೇಳಿದಂತೆ. ಯಾರು ಬದಲಿಸಿದರು, ಯಾರಿಗೆ ಲಾಭವಾಯಿತು, ತಡೆಯಬಹುದಾಗಿದ್ದವರ ಕೈ ಕಟ್ಟಿದ್ದು ಯಾವುದು ಎಂದು ನೋಡಬೇಕು. ಅದೇ ವೇದಿಕೆ 2024ರ ಡಿಸೆಂಬರ್‌ನಲ್ಲಿ ಇನ್ನೊಂದು ವರದಿ ತಂದು ಬೇರಿಗೆ ಕೈಹಾಕಿತು. ಪ್ರಕೃತಿಯ ಮೇಲೂ ಜನರ ಮೇಲೂ ನಡೆಸುವ ದಬ್ಬಾಳಿಕೆ, ಕೆಲವರ ಕೈಯಲ್ಲೇ ಸೇರಿದ ಅಧಿಕಾರ ಮತ್ತು ಸಂಪತ್ತು, ಇವತ್ತಿನ ಲಾಭವನ್ನೇ ದೊಡ್ಡದು ಮಾಡುವ ರೀತಿ ಇವು ಮೂಲ ಕಾರಣಗಳೆಂದು ಅದು ಹೇಳಿತು. ವಿಜ್ಞಾನಿಗಳ ವರದಿಯಲ್ಲಿ ಇಷ್ಟು ನೇರ ಮಾತು ಸಾಮಾನ್ಯವಾಗಿ ಬರುವುದಿಲ್ಲ.

ಇನ್ನೊಂದು ಕಾರಣವೂ ಇದೆ. 2010ರಲ್ಲಿ ಜಪಾನಿನ ಐಚಿಯಲ್ಲಿ ಜಗತ್ತು ಜೀವವೈವಿಧ್ಯ ಉಳಿಸಲು 20 ಗುರಿಗಳನ್ನು ಬರೆದುಕೊಂಡಿತು. 2020ಕ್ಕೆ ಲೆಕ್ಕ ಹಾಕಿದಾಗ ಒಂದೂ ಪೂರ್ತಿ ಈಡೇರಿರಲಿಲ್ಲ. ಏನು ಆಗಬೇಕು ಎಂಬುದು ಗೊತ್ತಿದ್ದೂ ಆಗದೇ ಇದ್ದದ್ದು ಯಾಕೆ ಎಂಬುದಕ್ಕೆ ಹಕ್ಕಿಗಳ ಎಣಿಕೆಯಿಂದ ಉತ್ತರ ಸಿಗದು.

ಕಣ್ಣಿಗೆ ಕಾಣುವ ಒಂದು ಉದಾಹರಣೆ ಕೊಡಿ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಶಿಂಷಾ ನದಿಗೆ ಹತ್ತಿರದ ಊರು. ಪ್ರತಿ ವರ್ಷ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಬಂದು ಊರೊಳಗಿನ ಹುಣಸೆ, ಅರಳಿ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ಹಿತ್ತಿಲ ಮರ, ಕೊಟ್ಟಿಗೆ ಮೇಲಿನ ಮರ, ಬೀದಿ ಮರ, ಯಾವುದಾದರೂ ಆದೀತು. ಹೊರಗಿನವರಿಗೆ ಇದು ಚಂದದ ಚಿತ್ರ. ಮರದಡಿ ವಾಸ ಇರುವವರಿಗೆ ಬೇರೆ ಲೆಕ್ಕವಿದೆ: ಹೆಂಚಿನ ಮೇಲೆ ಸುಣ್ಣ ಬಳಿದಂಥ ಹಿಕ್ಕೆ, ಒಣಗಲು ಹಾಕಿದ ಬಟ್ಟೆಯ ಮೇಲೂ ಅದೇ, ಅರ್ಧ ನುಂಗಿ ಕೆಳಗೆ ಬಿಟ್ಟ ಮೀನು ಕೊಳೆತ ನಾತ, ಬೆಳಗಿನ ಜಾವದಿಂದಲೇ ಮರಿಗಳ ಗಲಾಟೆ. ಎಲೆ ಬೆಳ್ಳಗಾದ ಹುಣಸೆ ಮರದಿಂದ ಆ ವರ್ಷದ ಫಸಲಿನ ಆಸೆ ಬಿಡಬೇಕು.

ಹಾಗಿದ್ದೂ ಊರಿನವರು ಕಲ್ಲು ಹೊಡೆದು ಓಡಿಸಲಿಲ್ಲ. ಹಕ್ಕಿ ಬಂದರೆ ಮಳೆ-ಬೆಳೆ ಚೆನ್ನ ಎನ್ನುವ ನಂಬಿಕೆ ಒಂದು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅವು ಎನ್ನುವ ಮಾತು ಇನ್ನೊಂದು. ಹಿಕ್ಕೆ ಬಿದ್ದ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರ ಎಂಬ ಲೆಕ್ಕಾಚಾರವೂ ಇತ್ತು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಈ ಊರಿನ ಕಡೆ ಹೊರಜಗತ್ತಿನ ಗಮನ ಸೆಳೆದರು. ಆಮೇಲೆ ಗೂಡಿರುವ ಮರದ ಯಜಮಾನರಿಗೆ ಫಸಲು ಕಳೆದುಕೊಂಡದ್ದಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರಧನ ಬರತೊಡಗಿತು. 1990ರ ದಶಕದಲ್ಲಿ ಊರಿನ ಯುವಕರು ಮೈಸೂರಿನ ನಿಸರ್ಗಾಸಕ್ತರ ಜೊತೆ ಸೇರಿ ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಡುವ ಕೆಲಸ ಅವರದು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದಾಗಿ ಖಾಸಗಿ ಜಮೀನಿಗೂ ಇಂಥ ಮಾನ್ಯತೆ ಕೊಡಲು ದಾರಿಯಾಗಿತ್ತು.

ಸಂಶೋಧಕರಿಗೆ ಇಲ್ಲಿ ತಲೆನೋವು ಏನೆಂದರೆ, ನಂಬಿಕೆ, ಗೊಬ್ಬರ, ದುಡ್ಡು, ಯುವಕರ ಸಂಘ, ಸರ್ಕಾರಿ ಆದೇಶ ಐದೂ ಒಂದರ ಮೇಲೊಂದು ಕೂತಿವೆ. ಯಾವುದನ್ನು ತೆಗೆದರೆ ಏನು ಬೀಳುತ್ತದೆ ಎಂದು ಪ್ರಯೋಗ ಮಾಡಿ ನೋಡಲು ಬರುವುದಿಲ್ಲ.

ಹಾಗಾದರೆ ಕೊಕ್ಕರೆ ಬೆಳ್ಳೂರಿನದು ಪೂರ್ತಿ ಗೆದ್ದ ಕತೆಯೇ?

ಊರು ತನ್ನ ಪಾಲಿನದನ್ನು ಮಾಡಿದೆ. ಹಕ್ಕಿ ಮಾತ್ರ ಊರಿನಲ್ಲಿ ಮಲಗುತ್ತದೆ, ಊಟಕ್ಕೆ ಸುತ್ತಲಿನ ಕೆರೆಗಳಿಗೆ, ನದಿಗೆ ಹೋಗುತ್ತದೆ. ಆ ಕೆರೆಗಳಲ್ಲಿ ನೀರು ನಿಲ್ಲುತ್ತದೆಯೇ, ಮೀನು ಹರಾಜು ಯಾರಿಗಾಗಿದೆ, ಚರಂಡಿ ಎಲ್ಲಿ ಬಂದು ಸೇರುತ್ತಿದೆ ಎಂಬುದರ ಮೇಲೆ ಬೆಳ್ಳೂರಿನವರ ಹಿಡಿತ ಏನೂ ಇಲ್ಲ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಹೊಟ್ಟೆಯಲ್ಲಿ ಪರಾವಲಂಬಿ ಜಂತುಹುಳುಗಳು ಸಿಕ್ಕವು, ಮೀನಿನ ಮೂಲಕವೇ ಬರುವಂಥವು. ಮರ ಕಾದರೂ ಕೆರೆ ಕಾಯದಿದ್ದರೆ ಏನಾಗುತ್ತದೆಂದು ಅದರಿಂದ ಗೊತ್ತಾಯಿತು. ನಮ್ಮ ಪ್ರಕಾರ ಮುಂದಿನ ಒಳ್ಳೆಯ ಅಧ್ಯಯನ ನಡೆಯಬೇಕಾದದ್ದು ಬೆಳ್ಳೂರಿನ ಹುಣಸೆ ಮರದಡಿ ಅಲ್ಲ, ಮದ್ದೂರು-ಮಳವಳ್ಳಿ ಕಡೆಯ ಕೆರೆ ಏರಿಗಳ ಮೇಲೆ.

ದುಡ್ಡು ಕೊಟ್ಟರೆ ಜನ ಕಾಪಾಡುತ್ತಾರೆ. ಇಷ್ಟಕ್ಕೆ ಇಷ್ಟು ಸಂಶೋಧನೆ ಬೇಕೇ?

ಬೇಕು, ಯಾಕೆಂದರೆ ದುಡ್ಡು ಕೆಲವು ಸಲ ಉಲ್ಟಾ ಹೊಡೆಯುತ್ತದೆ. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ನಡೆದ ಪ್ರಯೋಗವೊಂದು 2000ದಲ್ಲಿ ಪ್ರಕಟವಾಯಿತು. ಮಕ್ಕಳನ್ನು ತಡವಾಗಿ ಕರೆದೊಯ್ಯುವ ತಂದೆತಾಯಿಗೆ ದಂಡ ಹಾಕಿದರು. ತಡವಾಗಿ ಬರುವವರ ಸಂಖ್ಯೆ ಇಳಿಯಲಿಲ್ಲ, ಏರಿತು. ಮೊದಲು ಮೇಡಂ ಏನಂದುಕೊಳ್ಳುತ್ತಾರೋ ಎಂಬ ಸಂಕೋಚವಿತ್ತು. ದಂಡ ಬಂದ ಮೇಲೆ ಅದು ಬರೀ ಶುಲ್ಕವಾಯಿತು. ದಂಡ ತೆಗೆದ ಮೇಲೂ ಹಳೆಯ ಸಂಕೋಚ ತಿರುಗಿ ಬರಲಿಲ್ಲ.

ಹಕ್ಕಿ ಕಾಯುವ ಊರಿಗೂ ಈ ಪ್ರಶ್ನೆ ಅನ್ವಯಿಸುತ್ತದೆ. ಹೆಣ್ಣುಮಗಳು ತವರಿಗೆ ಬಂದಳು ಎನ್ನುತ್ತಿದ್ದವರು ನಾಳೆ ‘ಮರಕ್ಕೆ ಇಷ್ಟು ಕೊಟ್ಟರೆ ಮಾತ್ರ’ ಎನ್ನುವಂತಾದರೆ? ಕೊಡುವ ಮೊತ್ತ ಹುಣಸೆಯ ಪೇಟೆ ಧಾರಣೆ ಜೊತೆ ಏರದಿದ್ದರೆ ಇನ್ನೂ ಕಷ್ಟ: ನಂಬಿಕೆಯೂ ಹೋಯಿತು, ದುಡ್ಡೂ ಸಾಲದು. ಹಾಗೆಂದು ದುಡ್ಡು ಕೊಡಬಾರದು ಎನ್ನುವವರ ಜೊತೆಗೂ ನಾವಿಲ್ಲ. ಫಸಲು ಕಳೆದುಕೊಂಡವನಿಗೆ ಭಕ್ತಿಯ ಉಪದೇಶ ಮಾಡುವುದು ಹೊಟ್ಟೆ ತುಂಬಿದವರ ಮಾತು. ಕೋಸ್ಟರಿಕಾ ದೇಶ 1996ರ ಅರಣ್ಯ ಕಾನೂನಿನ ಮೂಲಕ ಪೆಟ್ರೋಲ್-ಡೀಸೆಲ್ ಮೇಲಿನ ತೆರಿಗೆಯ ಒಂದು ಪಾಲನ್ನು ಕಾಡು ಉಳಿಸಿಕೊಂಡ ಜಮೀನುದಾರರಿಗೆ ಹಂಚತೊಡಗಿತು. ದುಡ್ಡು ಎಲ್ಲಿಂದ ಬರುತ್ತದೆ ಎಂಬುದು ಅಲ್ಲಿ ಕಾನೂನಿನಲ್ಲೇ ಬರೆದಿದೆ. ನಮ್ಮಲ್ಲಿ ಬಹುತೇಕ ಪರಿಹಾರಧನಕ್ಕೆ ಆ ಗಟ್ಟಿತನ ಇಲ್ಲ.

ದೇವರ ಹೆಸರಿನಲ್ಲಿ ಕಾಡು ಉಳಿದಿದೆ ಎನ್ನುತ್ತಾರೆ. ನಿಜವೇ?

ಕೊಡಗಿನಲ್ಲಿ ನಿಜ, ಒಂದು ಮಟ್ಟಿಗೆ. ಅಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಹೆಚ್ಚಿನವು ಚಿಕ್ಕವು, ಕಾಫಿ ತೋಟ ಗದ್ದೆಗಳ ನಡುವೆ ಚದುರಿದವು. ಅಯ್ಯಪ್ಪ, ಭಗವತಿ ಮುಂತಾದ ದೇವರಿಗೆ ಬಿಟ್ಟ ಈ ತುಂಡುಗಳಲ್ಲಿ ಮರ, ಹಕ್ಕಿ, ಅಣಬೆಗಳನ್ನು ಎಣಿಸಿದ ಸಂಶೋಧಕರಿಗೆ ಅಕ್ಕಪಕ್ಕದಲ್ಲಿ ಕಾಣದಷ್ಟು ಬಗೆಯ ಅಣಬೆಗಳು ಸಿಕ್ಕಿವೆ. ಪೊನ್ನಂಪೇಟೆಯ ಅರಣ್ಯ ಕಾಲೇಜಿನವರು ಈ ಕೆಲಸದಲ್ಲಿ ಮುಂದಿದ್ದಾರೆ.

ಆದರೆ ಲೆಕ್ಕದ ಇನ್ನೊಂದು ಮುಖ ನೋಡಿ. 1905ರಲ್ಲಿ 6,277 ಹೆಕ್ಟೇರ್ ಇದ್ದ ದೇವರಕಾಡು 1985ರ ಹೊತ್ತಿಗೆ 2,407 ಹೆಕ್ಟೇರ್‌ಗೆ ಇಳಿದಿತ್ತು. ದೇವರು ಅಲ್ಲೇ ಇದ್ದ, ಕಾಡು ಅರ್ಧಕ್ಕಿಂತ ಹೆಚ್ಚು ಹೋಯಿತು. ಒತ್ತುವರಿ, ಕಾಫಿಯ ಬೆಲೆ, ಕಂದಾಯ ಇಲಾಖೆಗೂ ಅರಣ್ಯ ಇಲಾಖೆಗೂ ನಡುವೆ ಕೈ ಬದಲಿಸಿದ ಒಡೆತನ ಎಲ್ಲವೂ ಸೇರಿದವು. ಭಕ್ತಿಯ ರೀತಿಯೂ ಬದಲಾಯಿತು. ಬಯಲಿನಲ್ಲಿ, ಮರದ ಬುಡದಲ್ಲಿ ಇದ್ದ ದೇವರಿಗೆ ಗುಡಿ ಬೇಕಾಯಿತು, ಗುಡಿಗೆ ಆರ್‌ಸಿಸಿ ಬೇಕಾಯಿತು, ಆರ್‌ಸಿಸಿಗೆ ದುಡ್ಡು ಬೇಕಾಗಿ ಕೆಲವೆಡೆ ಮರಗಳತ್ತಲೇ ಕಣ್ಣು ಹೋಯಿತು. ದೇವತಕ್ಕರ, ಅಂದರೆ ದೇವರ ಕಾರ್ಯದ ಹೊಣೆ ಹೊತ್ತ ಹಿರಿಯರ ಮಾತು ನಡೆಯುವ ಊರಿನಲ್ಲಿ ಕಾಡು ಹೆಚ್ಚು ಉಳಿದಿದೆಯೇ, ಸಮಿತಿ ಮಾಡಿಕೊಂಡ ಊರಿನಲ್ಲಿಯೇ? ಇಂಥ ಪ್ರಶ್ನೆ ಹಿಡಿದು ಎರಡು ವರ್ಷ ಕೂತು ಕೆಲಸ ಮಾಡುವವರು ಬೇಕಾಗಿದ್ದಾರೆ.

ಉಳಿಸಲೆಂದು ಮಾಡಿದ ಕಾನೂನೇ ನಾಶಕ್ಕೆ ದಾರಿಯಾಗುವುದುಂಟೇ?

ಅದಕ್ಕೂ ಕೊಡಗಿಗೇ ಹೋಗೋಣ. ಅಲ್ಲಿನ ಕಾಫಿ ಕಾಡುಮರಗಳ ನೆರಳಲ್ಲಿ ಬೆಳೆಯುವಂಥದ್ದು: ಬೀಟೆ, ಹಲಸು, ಅತ್ತಿ, ನಂದಿ. ಜಮ್ಮಾ ಬಾಣೆಯಂಥ ಹಳೆಯ ಹಿಡುವಳಿಗಳಲ್ಲಿ ತೋಟ ರೈತನದಾದರೂ ಬಹಳ ಕಡೆ ಮರದ ಮೇಲಿನ ಹಕ್ಕು ಸರ್ಕಾರದ್ದು. ತಾತ ನೆರಳಿಗೆಂದು ಉಳಿಸಿದ ಬೀಟೆಯನ್ನು ಮೊಮ್ಮಗ ಕಡಿಯಬೇಕಾದರೆ ಅರ್ಜಿ, ಮಹಜರು, ಸರ್ಕಾರಕ್ಕೆ ಕಟ್ಟುವ ಬೆಲೆ, ವರ್ಷಗಟ್ಟಲೆ ಓಡಾಟ. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್‌ಗೆ ಈ ರಗಳೆ ಇಲ್ಲ. ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಹೇಳಿ ಮಾಡಿಸಿದ ಮರ, ಬೇಕಾದಾಗ ಕಡಿದು ಮಾರಬಹುದು. ಕಾಡುಮರ ಸತ್ತ ಜಾಗದಲ್ಲಿ ರೈತ ಏನು ನೆಡುತ್ತಾನೆ ಎಂದು ಯಾರೂ ಊಹಿಸಬಹುದು. ಕೊಡಗಿನ ಕಾಫಿ ತೋಟಗಳಲ್ಲಿ ಸಿಲ್ವರ್ ಹೆಚ್ಚಿದ್ದರ ಹಿಂದೆ ಈ ಮರಹಕ್ಕಿನ ಕಗ್ಗಂಟು ಇದೆ ಎಂದು ಸಂಶೋಧನೆಗಳು ತೋರಿಸಿವೆ.

ನಾಡಮರ ಕಾಪಾಡಲು ಮಾಡಿದ ಬಿಗಿ ನಿಯಮ ನಾಡಮರವನ್ನೇ ರೈತನ ಪಾಲಿಗೆ ಹೊರೆ ಮಾಡಿತು. ಇದನ್ನು ಕಂಡುಹಿಡಿಯಲು ಸಸ್ಯಶಾಸ್ತ್ರ ಸಾಲದು. ಭೂದಾಖಲೆ ಓದಲು ಬರಬೇಕು, ತೋಟದ ಲೆಕ್ಕ ಬರೆಯುವ ರೈಟರ ಜೊತೆ ಮಾತಾಡಬೇಕು, ಟಿಂಬರ್ ವ್ಯಾಪಾರಿಯ ಲೆಕ್ಕ ಅರ್ಥವಾಗಬೇಕು.

ಕಾಡಿನೊಳಗೆ ಜನ ಇದ್ದರೆ ಕಾಡು ಉಳಿಯುತ್ತದೆಯೇ?

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಈ ಪ್ರಶ್ನೆಗೆ ಒಳ್ಳೆಯ ಪಾಠಶಾಲೆ. 1974ರಲ್ಲಿ ವನ್ಯಧಾಮವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಬುಡಕಟ್ಟಿನವರಾದ ಸೋಲಿಗರು ಅದಕ್ಕೆ ಎಷ್ಟೋ ಮುಂಚಿನಿಂದ ಇದ್ದವರು. ವನ್ಯಧಾಮದ ನಿಯಮ ಬಂದ ಮೇಲೆ ಬೇಟೆ, ಕಾಡು ಕಡಿದು ಸುಟ್ಟು ಜಾಗ ಬದಲಿಸುತ್ತಾ ಮಾಡುವ ಕುಮರಿ ಬೇಸಾಯ, ಕಾಡಿಗೆ ಬೆಂಕಿ ಹಾಕುವುದು ನಿಂತವು. ಜೇನು, ಬೆಟ್ಟದ ನೆಲ್ಲಿ, ಮರದ ಪಾಚಿ ಸಂಗ್ರಹಿಸಿ ಲ್ಯಾಂಪ್ಸ್ ಎಂಬ ಬುಡಕಟ್ಟು ಸಹಕಾರ ಸಂಘಕ್ಕೆ ಕೊಡುವುದೇ ಆದಾಯವಾಯಿತು. ಮುಂದೆ ಮಾರಾಟಕ್ಕೆ ಸಂಗ್ರಹಿಸುವುದಕ್ಕೂ ಕೆಲಕಾಲ ನಿಷೇಧ ಬಂತು.

ನೆಲ್ಲಿ ಮರಗಳು ಸೊರಗುತ್ತಿದ್ದಾಗ ಹೊರಗಿನವರಿಗೆ ಮೊದಲು ಹೊಳೆಯುವುದು ‘ಜನ ಅತಿಯಾಗಿ ಕೀಳುತ್ತಿದ್ದಾರೆ’ ಎಂದು. ಸೋಲಿಗರು ಕೈ ತೋರಿಸಿದ್ದು ಮರದ ಮೇಲೆ ಬೆಳೆದು ಅದರ ಸಾರ ಹೀರುವ ಬಂದಳಿಕೆಯ ಕಡೆ, ಅವರ ಮಾತಿನಲ್ಲಿ ಉಪ್ಪಿಲು. ಮೊದಲೆಲ್ಲ ಬೇಸಿಗೆ ಶುರುವಿನಲ್ಲೇ ಉದುರಿದ ಎಲೆಗೆ ಸಣ್ಣಗೆ ಬೆಂಕಿ ಕೊಡುತ್ತಿದ್ದರು. ಮೊಣಕಾಲೆತ್ತರ ದಾಟದ ಆ ತರಗು ಬೆಂಕಿ ಉಪ್ಪಿಲನ್ನೂ ಪೊದೆಯನ್ನೂ ಹತೋಟಿಯಲ್ಲಿಡುತ್ತಿತ್ತು, ಬೆಂಕಿ ನಿಂತಿತು, ಎರಡೂ ಏರಿದವು ಎನ್ನುವುದು ಅವರ ವಿವರಣೆ. ಅಧ್ಯಯನಗಳು ಈ ಮಾತನ್ನು ಗಂಭೀರವಾಗಿ ಎತ್ತಿಕೊಂಡವು. ಈ ನಡುವೆ ಹೊರದೇಶದಿಂದ ಬಂದು ಹಬ್ಬಿದ ಲಂಟಾನ ಪೊದೆ ಏನು ಮಾಡಿತು ಎಂಬುದಕ್ಕೆ ಅಳತೆಯೇ ಇದೆ: 1997ರಲ್ಲಿ ಸಮೀಕ್ಷೆ ಮಾಡಿದ ತಾಣಗಳಲ್ಲಿ ಲಂಟಾನ ಕಂಡದ್ದು ಅರ್ಧಕ್ಕಿಂತ ಕಡಿಮೆ ಕಡೆ, 2008ರಲ್ಲಿ ಅವೇ ತಾಣಗಳನ್ನು ಮತ್ತೆ ನೋಡಿದಾಗ ಹೆಚ್ಚುಕಡಿಮೆ ಎರಡು ಪಟ್ಟು ಕಡೆ ಹಬ್ಬಿತ್ತು.

ಹಾಗಾದರೆ ನಾಳೆಯಿಂದಲೇ ತರಗು ಬೆಂಕಿ ಹಾಕಬಹುದೇ? ಅಷ್ಟು ಸುಲಭ ಇಲ್ಲ. ಆಳೆತ್ತರ ಬೆಳೆದ ಲಂಟಾನದ ಪೊದೆಗೆ ಬೆಂಕಿ ಬಿದ್ದರೆ ಅದು ನೆಲದಲ್ಲಿ ಹರಿದು ಹೋಗದೆ ಕೊಂಬೆಗೆ ಏರುತ್ತದೆ. ಹಳೆಯ ಕ್ರಮವನ್ನು ನಿಲ್ಲಿಸಿದಷ್ಟು ಸಲೀಸಾಗಿ ಮತ್ತೆ ತರಲಾಗುವುದಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಇಲ್ಲಿನ ಪೋಡುಗಳ (ಸೋಲಿಗರ ಹಾಡಿಗಳ) ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕಿಗೆ ಮನ್ನಣೆ ಸಿಕ್ಕಿದ್ದು ದೇಶದಲ್ಲಿ ದೊಡ್ಡ ಸುದ್ದಿಯೇ. ಹಕ್ಕುಪತ್ರ ಕೈಗೆ ಬಂದಮೇಲೆ ನಿರ್ಧಾರ ಕೈಗೆ ಬಂತೇ ಎಂಬುದು ಬೇರೆ ಪ್ರಶ್ನೆ, ಅದನ್ನು ಪೋಡಿನಿಂದ ಪೋಡಿಗೆ ಹೋಗಿ ಕೇಳಬೇಕು. ಈಗ ಸೋಲಿಗ ಸಮುದಾಯದವರೇ ಸಂಶೋಧಕರಾಗಿ ಬರೆಯುತ್ತಿದ್ದಾರೆ ಎಂಬುದು ನಮಗೆ ಅತ್ಯಂತ ಸಮಾಧಾನ ಕೊಟ್ಟ ಬದಲಾವಣೆ.

ಹಾಗಾದರೆ ಜನರನ್ನು ಕಾಡಿನಿಂದ ಹೊರಗೆ ಕಳಿಸುವುದು ಯಾವಾಗಲೂ ತಪ್ಪೇ?

ಹಾಗೆ ಅಂದರೆ ಭದ್ರಾದವರು ಒಪ್ಪಲಾರರು. ಭದ್ರಾ ಅಭಯಾರಣ್ಯದೊಳಗಿನ ಊರುಗಳ 419 ಕುಟುಂಬಗಳು 2001-02ರಲ್ಲಿ ಹೊರಗೆ ಬಂದು ನೆಲೆಸಿದವು. ಜಮೀನು ಕೊಟ್ಟರು, ರಸ್ತೆ-ಶಾಲೆ-ಆಸ್ಪತ್ರೆ ಹತ್ತಿರವಾದವು. ಆಮೇಲಿನ ಅಧ್ಯಯನದಲ್ಲಿ ಬಹುತೇಕರು ತಾವು ಮೊದಲಿಗಿಂತ ಚೆನ್ನಾಗಿದ್ದೇವೆ ಎಂದರು. ಹುಲಿಯಂಥ ಪ್ರಾಣಿಗೆ ಜನಸಂಚಾರ ಕಡಿಮೆ ಇರುವ ವಿಶಾಲ ಕಾಡು ಬೇಕು ಎಂಬುದೂ ಸುಳ್ಳಲ್ಲ. ಎರಡು ಎಕರೆ ದೇವರಕಾಡು ಹುಲಿಯನ್ನು ಉಳಿಸದು. ಆದರೆ ಭದ್ರಾ ಯಾಕೆ ಹೆಸರಾಯಿತು ಎಂದರೆ ಅದರಂಥವು ಬಹಳ ಇಲ್ಲ. ಕೇಳಿ, ಒಪ್ಪಿಸಿ, ಒಳ್ಳೆಯ ಜಮೀನು ಕೊಟ್ಟು ಮಾಡಿದ್ದಕ್ಕೂ ದಬ್ಬಿ ಮಾಡಿದ್ದಕ್ಕೂ ‘ಸ್ಥಳಾಂತರ’ ಎಂಬ ಒಂದೇ ಲೇಬಲ್ ಅಂಟಿಸಿ ಅಧ್ಯಯನ ಮಾಡಬೇಡಿ.

ಆನೆ ಗದ್ದೆಗೆ ಇಳಿದಾಗ ಈ ಸಂಶೋಧನೆಯಿಂದ ಏನು ಉಪಯೋಗ?

2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿದ್ದವು, ದೇಶದಲ್ಲೇ ಹೆಚ್ಚು. ಕಂದಕ, ಸೋಲಾರ್ ಬೇಲಿ, ರೈಲ್ವೆ ಕಂಬಿಯ ತಡೆಗೋಡೆ ಎಲ್ಲ ಆಗಿದೆ. ಸಾಮಾಜಿಕ ಸಂಶೋಧನೆ ಕೊಟ್ಟದ್ದು ಎರಡು ಸಣ್ಣ, ಆದರೆ ಕೆಲಸಕ್ಕೆ ಬರುವ ವಿಚಾರ.

ಒಂದು ತಮಿಳುನಾಡಿನ ವಾಲ್ಪಾರೈನಿಂದ ಬಂದದ್ದು. ಟೀ ತೋಟಗಳ ನಡುವೆ ಆನೆಯಿಂದ ಆದ ಸಾವುಗಳನ್ನು ಒಂದೊಂದಾಗಿ ಕೂತು ನೋಡಿದಾಗ, ಹೆಚ್ಚಿನವರು ಆನೆ ಹತ್ತಿರದಲ್ಲಿದೆ ಎಂದು ಗೊತ್ತೇ ಇಲ್ಲದೆ ಎದುರಾದವರು ಎಂದು ತಿಳಿಯಿತು. ಅಲ್ಲಿಂದ ಮುಂದೆ ಆನೆ ಎಲ್ಲಿದೆ ಎಂದು ಸಂಜೆ ಮೊಬೈಲ್ ಸಂದೇಶ, ರಸ್ತೆ ತಿರುವುಗಳಲ್ಲಿ ಫೋನ್ ಮಾಡಿ ಹೊತ್ತಿಸಬಹುದಾದ ಕೆಂಪು ದೀಪ ಬಂದವು. ಸಾವು ಇಳಿಯಿತು. ಹಾಸನ ಜಿಲ್ಲೆಯ ಆಲೂರು-ಸಕಲೇಶಪುರ ಕಡೆಯೂ ಈ ಮಾದರಿ ಬಂದಿದೆ.

ಇನ್ನೊಂದು ವಿಚಾರ ಪರಿಹಾರಧನದ ಅರ್ಜಿಯದು. ಸರ್ಕಾರದ ದರಪಟ್ಟಿ ಇದ್ದರೂ ಪಹಣಿ, ಫೋಟೊ, ಬ್ಯಾಂಕ್ ಪುಸ್ತಕ ಹಿಡಿದು ಕಚೇರಿಗೆ ಅಲೆಯುವ ಖರ್ಚಿಗೆ ಹೆದರಿ ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ಬಂಡೀಪುರ, ನಾಗರಹೊಳೆ ಸುತ್ತ 2015ರಿಂದ ‘ವೈಲ್ಡ್ ಸೇವೆ’ ಎಂಬ ಯೋಜನೆ ನಡೆಯುತ್ತಿದೆ: ಉಚಿತ ಸಂಖ್ಯೆಗೆ ಕರೆ ಮಾಡಿದರೆ ಕಾರ್ಯಕರ್ತರು ಹೊಲಕ್ಕೇ ಬಂದು ಕಾಗದಪತ್ರ ಮಾಡಿಸಿಕೊಡುತ್ತಾರೆ. ಪರಿಹಾರ ಹೆಚ್ಚಿಸಿ ಎಂದು ಕೂಗುವ ಮೊದಲು ಇರುವ ಪರಿಹಾರ ಕೈಸೇರುತ್ತಿದೆಯೇ ನೋಡಿ ಎಂಬುದು ಇದರಿಂದ ಕಲಿಯಬಹುದಾದದ್ದು.

ನಮ್ಮ ಪಂಚಾಯಿತಿಯಲ್ಲಿ ಬಿಎಂಸಿ ಇದೆಯಂತೆ. ಅದು ಏನು ಮಾಡುತ್ತದೆ?

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ (ಬಿಎಂಸಿ) ಮಾಡಬೇಕು. ಊರಿನ ಗಿಡ, ಪ್ರಾಣಿ, ನಾಟಿ ತಳಿ, ಮನೆಮದ್ದಿನ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡುವುದು ಅದರ ಮುಖ್ಯ ಕೆಲಸ. ಈ ಕಲ್ಪನೆಯ ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳ್ ಅವರ ದೊಡ್ಡ ಪಾಲಿದೆ. ಊರಿನವರೇ ಕೂತು ಬರೆಯಬೇಕು, ಬರೆಯುತ್ತಾ ಬರೆಯುತ್ತಾ ತಮ್ಮಲ್ಲಿ ಏನಿದೆ ಎಂದು ಅವರಿಗೇ ತಿಳಿಯಬೇಕು ಎಂಬ ಆಸೆ ಅದರಲ್ಲಿತ್ತು.

ನಡೆದದ್ದು ಬೇರೆ. ವರ್ಷಗಟ್ಟಲೆ ಯಾರೂ ಗಮನ ಕೊಡಲಿಲ್ಲ. 2020ರ ಜನವರಿ 31ರೊಳಗೆ ಮುಗಿಸದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ್ದೇ ತಡ, ದೇಶದ ತುಂಬ ಎರಡು ಲಕ್ಷಕ್ಕೂ ಹೆಚ್ಚು ಸಮಿತಿಗಳು ಕಾಗದದ ಮೇಲೆ ಎದ್ದು ನಿಂತವು. ದಾಖಲಾತಿಗಳೂ ಅವಸರದಲ್ಲಿ ತಯಾರಾದವು. ನಿಮ್ಮ ಊರಿನದನ್ನು ಪಿಡಿಒ ಹತ್ತಿರ ಕೇಳಿ ತೆಗೆಸಿ ನೋಡಿ. ಪಕ್ಕದ ಪಂಚಾಯಿತಿಯ ದಾಖಲಾತಿಯ ಜೊತೆ ಇಟ್ಟು ಓದಿ. ಗಿಡಗಳ ಪಟ್ಟಿ, ಅದರ ಅನುಕ್ರಮ, ಕಾಗುಣಿತದ ತಪ್ಪುಗಳು ಕೂಡ ಒಂದೇ ಆಗಿದ್ದರೆ ಅದು ಹೇಗೆ ತಯಾರಾಯಿತೆಂದು ಬಿಡಿಸಿ ಹೇಳಬೇಕಿಲ್ಲ. ಬೇಸರ ಬೇಡ, ಸಮಿತಿಗೆ ಕಾನೂನಿನ ಬಲ ಇದ್ದೇ ಇದೆ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಇದೇ ಕಾಯ್ದೆಯಡಿ.

‘ಊರಿನವರು’ ಎಂದರೆ ಯಾರು?

ಹೆಚ್ಚಿನ ವರದಿಗಳು ಜಾರುವುದು ಇಲ್ಲೇ. ಅಮೆರಿಕದ ಎಲಿನಾರ್ ಆಸ್ಟ್ರಮ್ ಅವರು ಕೆರೆ, ಕಾಲುವೆ, ಹುಲ್ಲುಗಾವಲು, ಮೀನುಗಾರಿಕೆಗಳನ್ನು ಊರಿನವರೇ ತಲೆಮಾರುಗಟ್ಟಲೆ ಕಾಯ್ದುಕೊಂಡ ಉದಾಹರಣೆಗಳನ್ನು ಜಗತ್ತಿನಾದ್ಯಂತ ಹುಡುಕಿ, 1990ರಲ್ಲಿ ಎಂಟು ಸೂತ್ರಗಳನ್ನು ಗುರುತಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಯಾರಿಗೆ ಹಕ್ಕಿದೆ ಎಂಬ ಗಡಿ ಸ್ಪಷ್ಟವಿರಬೇಕು, ನಿಯಮಕ್ಕೆ ಒಳಪಡುವವರಿಗೇ ನಿಯಮ ಮಾಡುವ ಅಧಿಕಾರ ಇರಬೇಕು, ತಪ್ಪಿಗೆ ಶಿಕ್ಷೆ ಹಂತಹಂತವಾಗಿ ಏರಬೇಕು ಎಂಬಂಥವು ಅವು.

ಎರಡನೆಯದನ್ನು ನಮ್ಮ ಊರುಗಳಲ್ಲಿ ಇಟ್ಟು ನೋಡಿ. ಗೋಮಾಳಕ್ಕೆ ಬೇಲಿ ಹಾಕಿ ‘ಸಂರಕ್ಷಣೆ’ ಮಾಡಲು ತೀರ್ಮಾನಿಸಿದ ಸಭೆಯಲ್ಲಿ ಜಮೀನು ಇರುವವರು ಕೂತಿರುತ್ತಾರೆ. ಕುರಿ ಬಿಡುವವರು, ಸೌದೆಗೆ ಹೋಗುವ ಹೆಂಗಸರು, ಕೇರಿಯವರು ಬಂದಿರುವುದಿಲ್ಲ, ಬಂದರೂ ಹಿಂದೆ ನಿಂತಿರುತ್ತಾರೆ. ಹುಲ್ಲು ಚಿಗುರಿತು ಎಂದು ವರದಿ ಬರುತ್ತದೆ, ಕುರಿ ಮಾರಿದವರ ಲೆಕ್ಕ ಬರುವುದಿಲ್ಲ. ಸಂದರ್ಶನಕ್ಕೆ ಹೋದಾಗ ಅಧ್ಯಕ್ಷರ ಮನೆಯ ಕಾಫಿ ಕುಡಿದು ವಾಪಸಾಗಬೇಡಿ.

ಒಂದು ಪರಿಹಾರ ನಿಜಕ್ಕೂ ಫಲ ಕೊಟ್ಟಿದೆ ಎಂದು ಹೇಳುವುದು ಹೇಗೆ?

ಕಷ್ಟಪಟ್ಟು. ಸಂರಕ್ಷಿತ ಪ್ರದೇಶದಲ್ಲಿ ಕಾಡು ಹೆಚ್ಚಿದೆ, ಹೊರಗೆ ಕಡಿಮೆ ಇದೆ, ಆದ್ದರಿಂದ ಸಂರಕ್ಷಣೆ ಗೆದ್ದಿತು ಎನ್ನುವುದು ಅವಸರದ ಮಾತು. ಜಗತ್ತಿನ ಸಂರಕ್ಷಿತ ಪ್ರದೇಶಗಳನ್ನು ಒಟ್ಟಿಗೆ ನೋಡಿದ ಅಧ್ಯಯನವೊಂದು 2009ರಲ್ಲಿ ತೋರಿಸಿದಂತೆ, ಅವು ಹೆಚ್ಚಾಗಿ ಎತ್ತರದ, ಕಡಿದಾದ, ಊರುಗಳಿಂದ ದೂರದ ಜಾಗದಲ್ಲಿವೆ. ಅಲ್ಲಿ ಯಾರೂ ಉಳುತ್ತಿರಲಿಲ್ಲ. ಆದ್ದರಿಂದ ಇಳಿಜಾರು, ಮಣ್ಣು, ಮಳೆ, ರಸ್ತೆಯ ದೂರ ಒಂದೇ ತರ ಇರುವ ಎರಡು ಜಾಗಗಳನ್ನು ಜೋಡಿ ಮಾಡಿ ಹೋಲಿಸಬೇಕು. ಯೋಜನೆ ಬರುವ ಮುಂಚಿನ ಲೆಕ್ಕ ಇದ್ದರೆ ಇನ್ನೂ ಒಳ್ಳೆಯದು, ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲಿ ಕಡಿಯುವುದು ನಿಂತು ಪಕ್ಕದ ಗುಡ್ಡದಲ್ಲಿ ಶುರುವಾಯಿತೇ ಎಂದೂ ನೋಡಿ.

‘2030ರೊಳಗೆ ಶೇ 30’ ಎಂದು ಕೇಳುತ್ತೇವಲ್ಲ, ಅದೇನು?

2022ರ ಡಿಸೆಂಬರ್‌ನಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ದೇಶಗಳು ಒಪ್ಪಿದ 23 ಗುರಿಗಳಲ್ಲಿ ಒಂದು: ನೆಲ, ನೀರು, ಕಡಲಿನ ಶೇ 30ರಷ್ಟನ್ನು 2030ರೊಳಗೆ ಸಂರಕ್ಷಣೆಯ ವ್ಯಾಪ್ತಿಗೆ ತರುವುದು. ಪತ್ರಿಕೆಗಳಿಗೆ ಇದು ಇಷ್ಟ. ನಮಗೆ ಹೆಚ್ಚು ಮುಖ್ಯ ಅನ್ನಿಸುವುದು 18ನೇ ಗುರಿ, ಪ್ರಕೃತಿಗೆ ಹಾನಿ ಮಾಡುವ ಸಬ್ಸಿಡಿಗಳನ್ನು 2030ರ ಹೊತ್ತಿಗೆ ವರ್ಷಕ್ಕೆ ಕನಿಷ್ಠ 500 ಶತಕೋಟಿ ಡಾಲರ್‌ನಷ್ಟು ಇಳಿಸುವುದು. ಅದರ ಬಗ್ಗೆ ಭಾಷಣ ಮಾಡುವ ಮಂತ್ರಿಗಳು ಸಿಗುವುದು ಕಷ್ಟ, ಯಾಕೆಂದರೆ ಸಬ್ಸಿಡಿಗೆ ಮತದಾರರಿದ್ದಾರೆ.

ನಾನು ವಿದ್ಯಾರ್ಥಿ. ನಮ್ಮೂರಿನಲ್ಲೇ ಶುರು ಮಾಡುವುದು ಹೇಗೆ?

ಒಂದು ಜಾಗ ಆರಿಸಿಕೊಳ್ಳಿ: ಒಂದು ಕೆರೆ, ಒಂದು ಗುಂಡುತೋಪು, ತೋಟಕ್ಕೆ ಸೊಪ್ಪು ತರುವ ಒಂದು ಸೊಪ್ಪಿನಬೆಟ್ಟ. ಮೊದಲು ಗ್ರಾಮ ನಕ್ಷೆ ಮತ್ತು ಪಹಣಿ ತೆಗೆಸಿ. ಕಾಗದದಲ್ಲಿ ಅದು ಖರಾಬೋ, ಗೋಮಾಳವೋ, ಅರಣ್ಯವೋ ಎಂದು ತಿಳಿಯದೆ ಮಾತಿಗೆ ಕೂತರೆ ಊರಿನ ಜಗಳದ ಮಧ್ಯೆ ಸಿಕ್ಕಿಬೀಳುತ್ತೀರಿ. ಆಮೇಲೆ ಹಿರಿಯರ ಹತ್ತಿರ ಹೋಗಿ. ‘ಪರಿಸರದ ಬಗ್ಗೆ ಏನು ಹೇಳುತ್ತೀರಿ’ ಎಂದರೆ ರೇಡಿಯೊ ಭಾಷಣ ಸಿಗುತ್ತದೆ. ‘ಈ ಕೆರೆಯ ತೂಬು ಎತ್ತುತ್ತಿದ್ದವರು ಯಾರು, ಅವರಿಗೆ ಊರು ಏನು ಕೊಡುತ್ತಿತ್ತು, ಯಾವಾಗ ನಿಂತಿತು’ ಎಂದು ಕೇಳಿ, ಒಂದು ಗಂಟೆ ಮಾತಾಡುತ್ತಾರೆ. ಅವರು ಹೇಳಿದ ಮೀನು, ಗಿಡಗಳ ಹೆಸರನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳಿ, ಪುಸ್ತಕದ ಹೆಸರು ಆಮೇಲೆ ಹುಡುಕಿದರಾಯಿತು.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಅಧ್ಯಯನಕ್ಕೆ ಮುಖ್ಯ ವನ್ಯಜೀವಿ ವಾರ್ಡನ್ ಅನುಮತಿ ಬೇಕೇ ಬೇಕು, ಅದಕ್ಕೆ ತಿಂಗಳುಗಳು ಹಿಡಿಯಬಹುದು. ಜನರ ಒಪ್ಪಿಗೆಯೂ ಅಷ್ಟೇ ಮುಖ್ಯ. ನಾಟಿ ವೈದ್ಯರ ಮದ್ದಿನ ವಿವರ, ಅಪರೂಪದ ಆರ್ಕಿಡ್ ಸಿಗುವ ಜಾಗ, ಇವನ್ನು ಕೇಳದೆ ಅಚ್ಚು ಹಾಕಬೇಡಿ, ಕಳ್ಳರೂ ಓದುತ್ತಾರೆ.

ಊರಲ್ಲ, ನಾವು ಬೆಂಗಳೂರಿನಲ್ಲಿದ್ದೇವೆ.

ಕೈಕೊಂಡ್ರಹಳ್ಳಿ ಕೆರೆ ನೋಡಿ. ಸರ್ಜಾಪುರ ರಸ್ತೆಯ ಈ ಕೆರೆಯನ್ನು ನಿವಾಸಿಗಳು ಪಾಲಿಕೆಯ ಜೊತೆ ಸೇರಿ ಉಳಿಸಿಕೊಂಡ ಬಗೆಯನ್ನು ಪರಿಸರ ಸಂಶೋಧಕಿ ಹರಿಣಿ ನಾಗೇಂದ್ರ ಅವರು ಆಸ್ಟ್ರಮ್ ಜೊತೆಗೂಡಿ ಅಧ್ಯಯನ ಮಾಡಿದ್ದಾರೆ. ನಿಮ್ಮ ಬಡಾವಣೆಯ ಕೆರೆಯಲ್ಲಿ ದನಕ್ಕೆ ಹುಲ್ಲು ಕೊಯ್ಯುವವರು, ಮೀನು ಹಿಡಿಯುವವರು ಈಗಲೂ ಒಳಗೆ ಬರಬಹುದೇ, ಅಥವಾ ಬೆಳಿಗ್ಗೆ ವಾಕಿಂಗ್ ಮಾಡುವವರಿಗೆ ಮಾತ್ರ ಗೇಟು ತೆರೆದಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಸಂಶೋಧನೆ ಮುಗಿಯಿತು. ಫಲಿತಾಂಶ ಯಾರಿಗೆ ಕೊಡಬೇಕು?

ನಿಮ್ಮ ಜೊತೆ ಕೂತು ಮಾತಾಡಿದವರಿಗೆ ಮೊದಲು. ಕನ್ನಡದಲ್ಲಿ ನಾಲ್ಕು ಪುಟ, ನಕ್ಷೆ ಸಮೇತ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿ. ತಪ್ಪು ಬರೆದಿದ್ದರೆ ಅಲ್ಲೇ ಯಾರಾದರೂ ಎದ್ದು ತಿದ್ದುತ್ತಾರೆ, ಪ್ರಬಂಧ ಅಚ್ಚಾಗುವ ಮೊದಲೇ ತಿದ್ದಿಸಿಕೊಂಡರೆ ನಿಮಗೇ ಲಾಭ. ಒಂದು ಪ್ರತಿ ಬಿಎಂಸಿ ಕಡತಕ್ಕೆ, ಒಂದು ಶಾಲೆಗೆ, ಒಂದು ವಲಯ ಅರಣ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅರಣ್ಯಾಧಿಕಾರಿ ವರ್ಗವಾಗಿ ಹೋದರೆ ಹೊಸಬರಿಗೆ ಇನ್ನೊಂದು ಪ್ರತಿ ಕೊಡಬೇಕಾಗುತ್ತದೆ.